ಪೇಪರಿನಲ್ಲಿ ಕಳ್ಳ ಯಾರು, ಕೊಲೆಗಾರ ಯಾರು?

(ವಿದ್ಯಾರ್ಥಿ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ದೊಡ್ಡ ಮಾತು ಆಡುವುದಕ್ಕೆ ಮುಂಚೆ ನಮ್ಮ ಹಾಸ್ಟೆಲಿನ ಒಂದು ಸಂಗತಿ ಹೇಳುತ್ತೇವೆ. ನಾವು ಓದುತ್ತಿದ್ದ ತಾಲ್ಲೂಕು ಊರಿನಲ್ಲಿ ಒಂದು ರಾತ್ರಿ ಅಂಗಡಿಯೊಂದರಲ್ಲಿ ಕಳವಾಯಿತು. ಬೆಳಗಾಗುವುದರೊಳಗೆ ಪೊಲೀಸರು ಬಂದದ್ದು ಎಲ್ಲಿಗೆ? ನಮ್ಮ ಹಾಸ್ಟೆಲಿಗೆ. ಊರಿನಲ್ಲಿ ಬೇರೆ ಜಾತಿಯವರ ಹಾಸ್ಟೆಲುಗಳೂ ಇದ್ದವು. ಅಲ್ಲಿಗೆ ಯಾರೂ ಹೋಗಲಿಲ್ಲ. ನಮ್ಮ ಇಬ್ಬರು ಹುಡುಗರನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಮಾರನೆ ದಿನ ಪೇಪರಿನಲ್ಲಿ ಅವರ ಹೆಸರು, ಊರು, ಹಾಸ್ಟೆಲಿನ ಹೆಸರು ಎಲ್ಲಾ ಬಂತು. ಮೇಲೆ 'ಕಳ್ಳರ ಬಂಧನ' ಅಂತ ತಲೆಬರಹ. ಕೋರ್ಟು ಬಾಗಿಲು ತೆಗೆಯುವ ಮುಂಚೆಯೇ ಪೇಪರು ತೀರ್ಪು ಕೊಟ್ಟಾಗಿತ್ತು.

ನಾಲ್ಕನೆ ದಿನ ನಿಜವಾದ ಕಳ್ಳ ಸಿಕ್ಕಿದ. ನಮ್ಮ ಹುಡುಗರನ್ನು ಬಿಟ್ಟರು. ಬಿಟ್ಟ ಸುದ್ದಿ ಎಲ್ಲೂ ಬರಲಿಲ್ಲ. ನಾವು ನಾಲ್ಕು ಜನ ಆ ವರದಿಗಾರರ ಹತ್ತಿರ ಹೋಗಿ ಕೇಳಿದ್ವಿ. 'ಸ್ಟೇಷನ್ನಿನಲ್ಲಿ ಹೇಳಿದ್ದನ್ನ ಬರೆದಿದ್ದೀವಿ, ನಮ್ಮದೇನು ತಪ್ಪು?' ಅಂದರು. ಆ ಇಬ್ಬರಲ್ಲಿ ಒಬ್ಬ ಪರೀಕ್ಷೆಗೆ ಕೂತ. ಇನ್ನೊಬ್ಬ ಟ್ರಂಕು ಹೊತ್ತುಕೊಂಡು ಊರಿಗೆ ಹೋದವನು ತಿರುಗಿ ಬರಲೇ ಇಲ್ಲ. ಮೂರು ಸಾಲಿನ ಸುದ್ದಿ ಒಬ್ಬ ಹುಡುಗನ ವಿದ್ಯೆಯನ್ನೇ ನುಂಗಿಹಾಕಿತು.

'ಸ್ಟೇಷನ್ನಿನಲ್ಲಿ ಹೇಳಿದ್ದನ್ನ ಬರೆದಿದ್ದೀವಿ' ಎಂಬ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಪರಾಧದ ಸುದ್ದಿ ಹೆಚ್ಚಾಗಿ ಹುಟ್ಟುವುದು ಠಾಣೆಯಲ್ಲಿ. ಪೊಲೀಸರು ಕೊಟ್ಟ ಟಿಪ್ಪಣಿಯೇ ಸುದ್ದಿ. ತಾಲ್ಲೂಕಿನ ವರದಿಗಾರನಿಗೆ ಸಂಬಳ ಅಷ್ಟಕ್ಕಷ್ಟೆ, ಜಾಹೀರಾತನ್ನೂ ಅವನೇ ತರಬೇಕು. ಜಾಹೀರಾತು ಕೊಡುವವರು ಯಾರು? ಊರಿನ ಸಾಹುಕಾರರು, ಕಂಟ್ರಾಕ್ಟರುಗಳು, ಮುಖಂಡರು. ಕೇರಿಯವನು ಹಬ್ಬಕ್ಕೆ ಶುಭಾಶಯದ ಜಾಹೀರಾತು ಕೊಡುತ್ತಾನೆಯೆ? ಹೀಗಿರುವಾಗ ಪೆನ್ನು ಯಾವ ಕಡೆ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಒಂದು ವ್ಯಾಕರಣವೂ ಇದೆ. ಕಳವಿನ ಆರೋಪ ನಮ್ಮವನ ಮೇಲೆ ಬಂದರೆ ವಾಕ್ಯದಲ್ಲಿ ಕರ್ತೃ ಎದ್ದು ಕಾಣುತ್ತಾನೆ: ಇಂಥವನು, ಇಂಥ ಕಾಲೋನಿಯವನು, ಕದ್ದ. ಅದೇ ನಮ್ಮವರನ್ನು ಕೊಂದಾಗ ಕರ್ತೃ ಮಾಯ. 'ಎರಡು ಗುಂಪುಗಳ ನಡುವೆ ಘರ್ಷಣೆ', 'ಹಳೆ ದ್ವೇಷ', 'ಕ್ಷುಲ್ಲಕ ಕಾರಣಕ್ಕೆ ಜಗಳ'. ಹೊಡೆದವನೂ ಒಂದು ಗುಂಪು, ಹೊಡೆಸಿಕೊಂಡವನೂ ಒಂದು ಗುಂಪು! ಗುಡಿಸಲುಗಳು ತಾವೇ ಬೆಂಕಿ ಹಚ್ಚಿಕೊಂಡಂತೆ 'ಗುಡಿಸಲುಗಳು ಸುಟ್ಟುಹೋದವು' ಅಂತ ಬರೆಯುತ್ತಾರೆ.

ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯನ್ನು ನೆನೆಯಿರಿ. 2006ರ ಸೆಪ್ಟೆಂಬರ್ 29ರಂದು ಒಂದೇ ದಲಿತ ಕುಟುಂಬದ ನಾಲ್ವರನ್ನು, ಅಂದರೆ ತಾಯಿ, ಓದುತ್ತಿದ್ದ ಮಗಳು, ಇಬ್ಬರು ಗಂಡುಮಕ್ಕಳನ್ನು ಊರ ಜನ ಕೊಂದರು. ಆ ಕುಟುಂಬಕ್ಕೆ ಸ್ವಂತ ಜಮೀನಿತ್ತು. ಆ ತಾಯಿ ಪೊಲೀಸರ ಮುಂದೆ ಹೆದರದೆ ಸಾಕ್ಷಿ ಹೇಳಿದ್ದಳು. ಅದೇ ಅವಳ ಅಪರಾಧ. ಪತ್ರಿಕೆಗಳು ಮೊದಲು ಏನು ಬರೆದವು? ಅಕ್ರಮ ಸಂಬಂಧದಿಂದ ರೊಚ್ಚಿಗೆದ್ದ ಊರಿನವರ ಕೃತ್ಯ ಎಂಬಂತೆ ಬರೆದವು. ಸತ್ತ ಹೆಣ್ಣಿನ ನಡತೆಯನ್ನೇ ಕಟಕಟೆಗೆ ಹತ್ತಿಸಿದವು. ನಾಗಪುರ, ಅಮರಾವತಿ ಕಡೆಯ ಜನ ಬೀದಿಗಿಳಿದ ಮೇಲೆ ದೊಡ್ಡ ಪತ್ರಿಕೆಗಳು, ಟಿ.ವಿ.ಗಳು ಕಣ್ಣು ತೆರೆದವು. ಆಗಲೂ ಪ್ರತಿಭಟನೆಯ ಹಿಂದೆ ನಕ್ಸಲರ ಕೈವಾಡ ಎಂಬ ಮಾತನ್ನು ಸರ್ಕಾರದ ಕಡೆಯಿಂದಲೇ ತೇಲಿಬಿಟ್ಟರು. ಸತ್ತವರೂ ಅಪರಾಧಿಗಳು, ಅತ್ತವರೂ ಅಪರಾಧಿಗಳು! 2008ರಲ್ಲಿ ಎಂಟು ಜನಕ್ಕೆ ಶಿಕ್ಷೆಯಾಯಿತು, ಆದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು ಕೋರ್ಟು. 2010ರಲ್ಲಿ ಹೈಕೋರ್ಟು ಕೂಡ ಅದನ್ನು ಸೇಡಿನ ಕೊಲೆ ಅಂದಿತೇ ಹೊರತು ಜಾತಿಯ ಕೊಲೆ ಅನ್ನಲಿಲ್ಲ.

ಅದು ದೂರದ ಮಾತು ಅನ್ನಬೇಡಿ. ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನರನ್ನು ಸುಟ್ಟವರು ಯಾರು? ಇಂಥ ಖುಲಾಸೆಗಳ ಲೆಕ್ಕವನ್ನೇ ಹಿಡಿದುಕೊಂಡು 'ಅಟ್ರಾಸಿಟಿ ಕಾಯ್ದೆ ದುರ್ಬಳಕೆ' ಅಂತ ಕಾಲಂಗಟ್ಟಲೆ ಬರೆಯುತ್ತಾರೆ. ಸಾಕ್ಷಿ ಯಾಕೆ ತಿರುಗಿಬಿದ್ದ, ಯಾರ ಹೊಲದಲ್ಲಿ ಕೂಲಿ ಮಾಡಿ ಅವನು ಉಣ್ಣಬೇಕು ಅಂತ ಕೇಳುವವರು ಕಡಿಮೆ.

ಈ ಚಾಳಿ ಇಂದು ನಿನ್ನೆಯದಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ಕೂಸು ಹುಟ್ಟುವ ಮುಂಚೆಯೇ ಕಳ್ಳ ಎಂಬ ಹಣೆಪಟ್ಟಿ ತಯಾರಿತ್ತು. ನಮ್ಮ ಕೊರಮ, ಕೊರಚ, ಗಂಟಿಚೋರ ಬಂಧುಗಳು ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. ಹುಬ್ಬಳ್ಳಿ, ಗದಗಿನಲ್ಲಿ 'ಸೆಟ್ಲಮೆಂಟ್' ಎಂಬ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. 1952ರಲ್ಲಿ ಆ ಕಾಯ್ದೆ ಹೋಯಿತು. ಆದರೆ ಅದರ ಭಾಷೆ ಪೇಪರಿನಲ್ಲಿ, ಸಿನಿಮಾದಲ್ಲಿ, ಟಿ.ವಿ.ಯ ಕ್ರೈಂ ಕಾರ್ಯಕ್ರಮದಲ್ಲಿ ಉಳಿದುಕೊಂಡಿತು. ಜೈಲಿನ ಕೈಪಿಡಿಗಳಲ್ಲೂ ಉಳಿದಿತ್ತು. ಜೈಲಿನೊಳಗೂ ಜಾತಿ ನೋಡಿ ಕಸ ಗುಡಿಸುವ ಕೆಲಸ ಹಂಚುತ್ತಿದ್ದರು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಇದನ್ನು ಹುಡುಕಿ ಬರೆದು, ಸುಪ್ರೀಂ ಕೋರ್ಟಿಗೂ ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು ಅಂಥ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ಪೆನ್ನು ಹಣೆಪಟ್ಟಿ ಅಂಟಿಸಬಲ್ಲದು, ಕೀಳಲೂ ಬಲ್ಲದು. ಪೆನ್ನು ಹಿಡಿದವರು ಯಾರು ಎಂಬುದೇ ಪ್ರಶ್ನೆ.

ಹಿಡಿದವರು ಯಾರು? 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ದೇಶದ ಇಂಗ್ಲಿಷ್, ಹಿಂದಿ ಪತ್ರಿಕೆ ಮತ್ತು ಟಿ.ವಿ.ಗಳ 121 ಮುಖ್ಯ ಹುದ್ದೆಗಳನ್ನು ಲೆಕ್ಕ ಹಾಕಿತು. 106 ಮೇಲ್ಜಾತಿಗಳ ಕೈಯಲ್ಲಿ. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. ಬಾಬಾಸಾಹೇಬರಿಗೆ ಇದು 1920ರಲ್ಲೇ ಗೊತ್ತಿತ್ತು. ಅವರ 'ಮೂಕನಾಯಕ'ದ ಜಾಹೀರಾತನ್ನು ದುಡ್ಡು ಕೊಡುತ್ತೇವೆ ಅಂದರೂ 'ಕೇಸರಿ' ಪತ್ರಿಕೆ ಹಾಕಲಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ತಮ್ಮದೇ ಪತ್ರಿಕೆ ನಡೆಸಿದರು. ಅದು ನಿಂತಮೇಲೆ 1927ರಲ್ಲಿ 'ಬಹಿಷ್ಕೃತ ಭಾರತ' ಶುರು ಮಾಡಿದರು.

ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮವರು ತಪ್ಪೇ ಮಾಡುವುದಿಲ್ಲ ಅಂತ ನಾವು ಹೇಳುತ್ತಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ ಆಗಲಿ. ಆದರೆ ಅದು ಕೋರ್ಟಿನಲ್ಲಿ ಆಗಲಿ, ಅವನೊಬ್ಬನಿಗೆ ಆಗಲಿ. ಅವನ ಕೇರಿಗೆ, ಅವನ ಹಾಸ್ಟೆಲಿಗೆ ಆಗುವುದು ಬೇಡ. 2022ರ ಕೊನೆಗೆ ಈ ದೇಶದ ಜೈಲುಗಳಲ್ಲಿದ್ದ ನೂರು ಜನರಲ್ಲಿ ಸುಮಾರು 75 ಮಂದಿ ವಿಚಾರಣೆ ಮುಗಿಯದವರು. ಅವರನ್ನು ಅಪರಾಧಿಗಳು ಎಂದು ಕಾನೂನೇ ಇನ್ನೂ ಹೇಳಿಲ್ಲ. ಪೇಪರಿನವರಿಗೆ ಆ ಅಧಿಕಾರ ಕೊಟ್ಟವರು ಯಾರು?

ಈಗ ನೀವು ಮಾಡಬೇಕಾದ ಕೆಲಸ. ಹಾಸ್ಟೆಲಿಗೆ ಪೇಪರು ಬಂದಾಗ ಸಿನಿಮಾ ಪುಟ, ಕ್ರಿಕೆಟ್ ಪುಟ ನೋಡಿ ಮಡಚಿಡಬೇಡಿ. ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಅಪರಾಧದ ಸುದ್ದಿಯಲ್ಲಿ ಯಾರ ಜಾತಿ, ಕಾಲೋನಿ ಹೇಳಿದ್ದಾರೆ, ಯಾರದು ಮುಚ್ಚಿದ್ದಾರೆ, ಗೆರೆ ಹಾಕಿ. ಈ ಸುದ್ದಿ ಹೇಳಿದವರು ಯಾರು, ಪೊಲೀಸರೊಬ್ಬರೆಯೋ, ಕೇರಿಗೂ ಹೋಗಿ ಕೇಳಿದರೋ ನೋಡಿ. ಮೊಬೈಲಿನಲ್ಲಿ ಬಂದ ವಿಡಿಯೋಕ್ಕೂ ಇದೇ ಪರೀಕ್ಷೆ. ವಿಚಾರಿಸದೆ ಮುಂದಕ್ಕೆ ಕಳಿಸಬೇಡಿ. ತಪ್ಪು ಕಂಡರೆ ಸಂಪಾದಕರಿಗೆ ಬರೆಯಿರಿ. ಅವರು ಹಾಕದಿದ್ದರೆ ಪ್ರೆಸ್ ಕೌನ್ಸಿಲ್ಲಿಗೆ ದೂರು ಕೊಡಿ. ದೌರ್ಜನ್ಯ ನಡೆದ ಊರಿಗೆ ನೀವೇ ಹೋಗಿ, ನೊಂದವರ ಮಾತು ಕೇಳಿ, ದಿನಾಂಕ ಸಮೇತ ಬರೆದಿಡಿ. ಜರ್ನಲಿಸಂ ಓದಿ. ವಕೀಲರಾಗಿ, ವರದಿಗಾರರಾಗಿ. ಅದಾಗುವವರೆಗೆ ಇಂಥ ಸೈಕ್ಲೋಸ್ಟೈಲ್ ಹಾಳೆಯೇ ನಮ್ಮ ಪತ್ರಿಕೆ.

ಟ್ರಂಕು ಹೊತ್ತು ಹೋದ ಆ ಹುಡುಗನ ಬಿಡುಗಡೆ ಸುದ್ದಿಯನ್ನು ಆಗ ಯಾರೂ ಹಾಕಲಿಲ್ಲ. ತಡವಾದರೂ ಸರಿ, ಇಲ್ಲಿ ಹಾಕುತ್ತಿದ್ದೇವೆ: ಅವನು ಕದ್ದಿರಲಿಲ್ಲ.

ಜೈ ಭೀಮ್.