ಚಳಿಗಾಲದ ಇಟಲಿಯಲ್ಲಿ ಒಬ್ಬಂಟಿ ತಿರುಗಾಟ
(ಬಾನುಲಿ ಭಾಷಣ)

ಇಟಲಿಗೆ ಹೋಗಿಬಂದವರು ನಮ್ಮಲ್ಲಿ ಈಗ ಅಪರೂಪವೇನಲ್ಲ. ಬೇಸಿಗೆಯ ರಜೆಯಲ್ಲಿ, ಪ್ರವಾಸ ಕಂಪನಿಯ ಬಸ್ಸಿನಲ್ಲಿ, ಅಡಿಗೆಯವರನ್ನೂ ಜತೆಗಿಟ್ಟುಕೊಂಡು, ಹತ್ತು ದಿನಗಳಲ್ಲಿ ಐದು ದೇಶಗಳನ್ನು ಕಂಡು ಬರುವವರು ಹುಬ್ಬಳ್ಳಿ-ಧಾರವಾಡದಲ್ಲಿಯೂ ಸಾಕಷ್ಟು ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಆ ಬಗೆಯ ಪ್ರವಾಸದ ಮಾತಲ್ಲ. ಡಿಸೆಂಬರ್ ತಿಂಗಳ ಥಂಡಿಯಲ್ಲಿ, ಬೆನ್ನಿಗೆ ಒಂದು ಚೀಲ ಏರಿಸಿಕೊಂಡು, ಒಬ್ಬನೇ ವೆನಿಸ್ಸಿನಿಂದ ರೋಮಿನವರೆಗೆ ತಿರುಗಿದ ಹನ್ನೆರಡು ದಿನಗಳ ಮಾತು.

ಈ ತಿರುಗಾಟಕ್ಕೆ ಒಂದು ನೆಪವಿತ್ತು. ಆ ನೆಪದ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ಈತ ರೋಮಿನ ಸಿರಿವಂತ ಮನೆತನದವನು. ಪ್ರೇಮದಲ್ಲಿ ನಿರಾಶನಾಗಿ 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದವನು ತಿರುಗಿ ರೋಮ್ ಕಂಡದ್ದು 1626ರಲ್ಲಿ. ನಡುವೆ ತುರ್ಕಸ್ಥಾನ, ಈಜಿಪ್ತ, ಬಾಗದಾದ, ಪರ್ಶಿಯಾಗಳನ್ನು ಕಂಡು 1623ರಲ್ಲಿ ಸೂರತ್ತಿಗೆ ಬಂದಿಳಿದ, ಅಲ್ಲಿಂದ ಗೋವೆಗೆ, ಗೋವೆಯಿಂದ ಪೋರ್ತುಗೀಜರ ರಾಯಭಾರಿಯ ಸಂಗಡ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿಗೆ ಬಂದ. ಕಂಡದ್ದನ್ನೆಲ್ಲ ನೇಪಲ್ಸಿನಲ್ಲಿದ್ದ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊನಿಗೆ ಪತ್ರ ಬರೆದು ತಿಳಿಸಿದ. ಆ ಪತ್ರಗಳಲ್ಲಿ ಹದಿನೇಳನೆಯ ಶತಮಾನದ ಕನ್ನಡ ನಾಡು ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಕಾಣದಷ್ಟು ಹತ್ತಿರದಿಂದ ಕಾಣುತ್ತದೆ. ನಮ್ಮ ನಾಡನ್ನು ಹೀಗೆ ನೋಡಿದವನ ಊರನ್ನು ನಾವೂ ಒಮ್ಮೆ ನೋಡಿ ಬರಬೇಕೆಂಬ ಆಸೆ ನನ್ನಲ್ಲಿ ಬಹುಕಾಲದಿಂದ ಇತ್ತು. ಅವನು ಹೊರಟ ಊರಿನಿಂದ ಅವನು ಮರಳಿದ ಊರಿಗೆ ಹೋಗುವುದೆಂದು ನಿಶ್ಚಯಿಸಿದೆ.

ಚಳಿಗಾಲವನ್ನೇ ಆರಿಸಿಕೊಂಡದ್ದಕ್ಕೆ ಮೊದಲ ಕಾರಣ ಹಣ. ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ ಕೋಣೆಗಳ ಬಾಡಿಗೆ ಇಳಿದಿರುತ್ತದೆ. ಎರಡನೆಯ ಕಾರಣ, ಬೇಸಿಗೆಯಲ್ಲಿ ಊರು ಪ್ರವಾಸಿಗರದಾದರೆ ಚಳಿಗಾಲದಲ್ಲಿ ಅದು ಊರವರದು. ಐದು ಗಂಟೆಯ ಒಳಗೇ ಕತ್ತಲಾಗುತ್ತದೆ. ಆಮೇಲೆ ನೋಡಲಿಕ್ಕೆ ಹೆಚ್ಚು ಉಳಿಯುವುದಿಲ್ಲ. ಕೂತು ಗಮನಿಸುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಕಾಫಿಯನ್ನು ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ದರ, ಮೇಜಿಗೆ ಕೂತರೆ ಇನ್ನೊಂದು ದರ. ನಿಂತೇ ಕುಡಿಯುವ ಕೂಲಿಕಾರರ, ಗುಮಾಸ್ತರ ನಡುವೆ ನಾನೂ ನಿಂತೆ.

ವೆನಿಸ್ಸಿನ ಸೌಂದರ್ಯವನ್ನು ಬಣ್ಣಿಸಿದವರು ಬಹಳ ಮಂದಿ. ನನ್ನ ಮನಸ್ಸನ್ನು ಹಿಡಿದದ್ದು ಅದರ ಜೊತೆಯ ಊರು, ಮೆಸ್ತ್ರೆ. ನೀರಿನ ನಡುವೆ ವೆನಿಸ್, ದಂಡೆಯ ಮೇಲೆ ಮೆಸ್ತ್ರೆ. ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷದ ದಾರಿ. 1926ರಿಂದ ಎರಡಕ್ಕೂ ಒಂದೇ ನಗರಸಭೆ. ಒಂದು ಊರಿಗೆ ಹೆಸರು, ಇನ್ನೊಂದಕ್ಕೆ ಕಾರಖಾನೆ. ನಮ್ಮ ಹುಬ್ಬಳ್ಳಿ-ಧಾರವಾಡಗಳನ್ನು 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಕೆಳಗೆ ತಂದ ಕಥೆಯನ್ನು ಬಲ್ಲವರಿಗೆ ಇದು ಹೊಸದೆನ್ನಿಸಲಿಕ್ಕಿಲ್ಲ. ಬೇರೆಯಾಗಬೇಕೇ ಎಂದು ಅಲ್ಲಿಯ ಜನರನ್ನು 1979ರಿಂದ 2019ರವರೆಗೆ ಐದು ಸಲ ಮತಕ್ಕೆ ಕರೆದರು. ಐದು ಸಲವೂ ಬೇರ್ಪಡೆ ಆಗಲಿಲ್ಲ. ಈ ನಡುವೆ ಹಳೆಯ ವೆನಿಸ್ಸಿನ ನಿವಾಸಿಗಳ ಸಂಖ್ಯೆ ಐವತ್ತು ಸಾವಿರಕ್ಕಿಂತ ಕೆಳಗೆ ಇಳಿದಿದೆ. ಅಲ್ಲಿ ದುಡಿಯುವವರು ಸಾಯಂಕಾಲ ಮೆಸ್ತ್ರೆಯ ಬಸ್ಸು ಹತ್ತುತ್ತಾರೆ. ಚಳಿಗಾಲದ ಮಂಜಿನಲ್ಲಿ ಆ ಬಸ್ಸುಗಳನ್ನು ನೋಡಿದಾಗಲೇ ವೆನಿಸ್ಸಿನ ಚಿಂತೆಯೇನೆಂಬುದು ತಿಳಿಯುತ್ತದೆ. ಸಮುದ್ರ ಏರಿ ಬಂದರೆ ತಡೆಯಲಿಕ್ಕೆ 2020ರಿಂದ ಕಬ್ಬಿಣದ ಬಾಗಿಲುಗಳಿವೆ. ಜನ ಇಳಿದು ಹೋಗುವುದನ್ನು ತಡೆಯುವ ಬಾಗಿಲುಗಳಿಲ್ಲ.

ಮೆಸ್ತ್ರೆಯಲ್ಲಿ ಬಾಂಗ್ಲಾದೇಶದವರ ದೊಡ್ಡ ವಸತಿಯಿದೆ. ಪಕ್ಕದ ಮಾರ್ಗೆರಾದ ಹಡಗು ಕಟ್ಟುವ ಕಾರಖಾನೆಯಲ್ಲಿ ದುಡಿಯುವವರು ಅವರಲ್ಲಿ ಬಹಳ. ಅವರ ಒಂದು ಚಿಕ್ಕ ಖಾನಾವಳಿಯಲ್ಲಿ ಅನ್ನ ಸಾರು ಉಂಡೆ. ಬಡಿಸಿದ ಹುಡುಗ ನನ್ನ ಚೀಲವನ್ನು ನೋಡಿ, "ಚಾಚಾ, ಈ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬಂದಿರಾ?" ಎಂದು ಹಿಂದಿಯಲ್ಲಿ ಕೇಳಿದ. ನೋಡಲಿಕ್ಕೆ ಬಂದೆನೆಂದೆ. "ನೋಡಲಿಕ್ಕೆ ಒಬ್ಬರೇ?" ಎಂದು ಅವನು ಬೆರಗಾಗಿ ಇನ್ನೊಂದು ಸೌಟು ಸಾರು ಹಾಕಿದ. ಬಡವ ಒಬ್ಬಂಟಿಯಾಗಿ ಪರದೇಶಕ್ಕೆ ಹೋಗುವುದು ಹೊಟ್ಟೆಗಾಗಿ. ಸುಮ್ಮನೆ ನೋಡಲಿಕ್ಕೆ ಒಬ್ಬನೇ ಹೋಗುವುದು ಒಂದು ಸುಖ, ಒಂದು ಸವಲತ್ತು. ಇದನ್ನು ಚೀಲ ಹೊತ್ತವರು ಮರೆಯಬಾರದು.

ವೆನಿಸ್ಸಿನಿಂದ ಬೊಲೋನ್ಯಾದ ಮೇಲೆ ಫೋರ್ಲಿ ಎಂಬ ಊರಿಗೆ ಬಂದೆ. ಪ್ರವಾಸಿಗರು ಸಾಮಾನ್ಯವಾಗಿ ಇಳಿಯದ ಊರು. ಇಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರ ಸ್ಮಶಾನವಿದೆ. ಇಟಲಿಯ ರಣರಂಗಕ್ಕೆ ಸುಮಾರು 50,000 ಭಾರತೀಯರು ಹೋದರು. ತಿರುಗಿ ಬರದವರು 5,700ಕ್ಕೂ ಮೇಲೆ. ಹೂಳಿದವರಿಗೆ ಸಾಲುಸಾಲಾಗಿ ಕಲ್ಲುಗಳು. ಸುಟ್ಟವರಿಗೆ ಒಂದು ಸ್ಮಾರಕ, ಅದರ ಮೇಲೆ ಹೆಸರುಗಳು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದವರು ಇಟಲಿಯಲ್ಲಿ ಎರಡು ವಿಕ್ಟೋರಿಯಾ ಕ್ರಾಸ್ ಪಡೆದರು. ಯಶವಂತ ಘಾಡಗೆ 1944ರ ಜುಲೈಯಲ್ಲಿ ತೈಬರ್ ನದಿಯ ಮೇಲಣ ಕಣಿವೆಯಲ್ಲಿ ಹೋರಾಡಿ ಅಲ್ಲಿಯೇ ಮಡಿದ. ನಾಮದೇವ ಜಾಧವ 1945ರ ಏಪ್ರಿಲ್ 9ರಂದು ಸೇನಿಯೊ ನದಿಯ ದಂಡೆಯಲ್ಲಿ ಕಾದಾಡಿ ಬದುಕಿ ಬಂದ. ಸೇನಿಯೊ ನದಿ ಫೋರ್ಲಿಯಿಂದ ದೂರವಿಲ್ಲ. ನಾನು ಹೋದ ದಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ನಾನಲ್ಲದೆ ಬೇರೊಬ್ಬರು ಇರಲಿಲ್ಲ. ಧಾರವಾಡದ ಥಂಡಿಯನ್ನೇ ಥಂಡಿ ಎಂದುಕೊಂಡಿದ್ದ ನಾನು, ಘಟ್ಟದ ಸೀಮೆಯ ಆ ಹುಡುಗರು 1944ರ ಚಳಿಗಾಲವನ್ನು ಈ ಕೆಸರಿನಲ್ಲಿ ಹೇಗೆ ಕಳೆದಿರಬಹುದೆಂದು ಯೋಚಿಸುತ್ತ ಹೆಸರುಗಳನ್ನು ಒಂದೊಂದಾಗಿ ಓದಿದೆ. ಗಟ್ಟಿಯಾಗಿ ಓದಿದೆ. ಒಬ್ಬಂಟಿಯಾದ್ದರಿಂದ ಸಂಕೋಚವಾಗಲಿಲ್ಲ.

ಫ್ಲಾರೆನ್ಸಿನಲ್ಲಿ ಎರಡು ದಿನ ಇದ್ದೆ. ಅಲ್ಲಿಯ ಚಿತ್ರ ಶಿಲ್ಪಗಳ ವಿಷಯ ಬಲ್ಲವರು ಹೇಳಬೇಕು. 1966ರ ನವೆಂಬರ್ 4ರಂದು ಆರ್ನೊ ನದಿ ಊರೊಳಗೆ ನುಗ್ಗಿದಾಗ ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತನ್ನು ಗೋಡೆಗಳ ಮೇಲೆ ಇಂದಿಗೂ ಇಟ್ಟಿದ್ದಾರೆ ಎಂಬುದನ್ನಷ್ಟೇ ಹೇಳಿ ಮುಂದುವರಿಯುತ್ತೇನೆ.

ರೋಮಿನಲ್ಲಿ ಮಳೆ. ಮಳೆ ಸುರುವಾದ ಕ್ಷಣವೇ ಕೊಡೆ ಮಾರುವ ಬಾಂಗ್ಲಾದ ಹುಡುಗರು ಎಲ್ಲಿಂದಲೋ ಎದ್ದು ಬರುತ್ತಾರೆ. ಪ್ಯಾಂಥಿಯನ್ನಿನ ಗುಮ್ಮಟದ ನಡುಗಂಡಿಯಿಂದ ಮಳೆ ನೇರ ಒಳಗೇ ಸುರಿದು ನೆಲದ ತೂತುಗಳಲ್ಲಿ ಇಂಗಿ ಹೋಗುವುದನ್ನು ನೋಡಿ, ಕೊನೆಗೆ ಅರಾಚೇಲಿ ಎಂಬ ಮಾತೆ ಮೇರಿಯ ಚರ್ಚಿಗೆ ಬಂದೆ. 124 ಮೆಟ್ಟಿಲು ಹತ್ತಬೇಕು. ಒಳಗಿನ ನೆಲದಲ್ಲೆಲ್ಲ ಸವೆದ ಗೋರಿಗಲ್ಲುಗಳು. ದೆಲ್ಲಾ ವಾಲ್ಲೆ ತನ್ನ ಹೆಂಡತಿಯನ್ನು ಮಣ್ಣು ಮಾಡಿದ್ದು ಇಲ್ಲಿ.

ಆಕೆಯ ಹೆಸರು ಮಾಆನಿ. ಬಾಗದಾದದಲ್ಲಿ ಕೈಹಿಡಿದವಳು. 1621ರ ಡಿಸೆಂಬರಿನಲ್ಲಿ ಪರ್ಶಿಯಾದಲ್ಲಿ ತೀರಿಕೊಂಡಳು. ಅವನು ಆಕೆಯ ದೇಹಕ್ಕೆ ಲೇಪ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಇಂಡಿಯಾಕ್ಕೆ ತಂದು, ನಾಲ್ಕು ವರ್ಷ ನೆಲ ಜಲಗಳನ್ನು ದಾಟಿಸಿ ರೋಮಿಗೆ ಮುಟ್ಟಿಸಿದ. 1627ರಲ್ಲಿ ಉತ್ತರಕ್ರಿಯೆಯ ದಿನ ಇದೇ ಚರ್ಚಿನಲ್ಲಿ ಆಕೆಯ ಗುಣಗಾನಕ್ಕೆ ನಿಂತವನು ಅಳು ಬಂದು ಮಾತು ನಿಲ್ಲಿಸಿದ. ಇಂಥವನು ಇಕ್ಕೇರಿಯಲ್ಲಿ ಏನನ್ನು ಕಂಡ? ಸಹಗಮನಕ್ಕೆ ಸಿದ್ಧಳಾಗಿ ಬೀದಿಯಲ್ಲಿ ಮೆರವಣಿಗೆ ಹೊರಟ ಒಬ್ಬ ವಾದ್ಯಗಾರನ ಹೆಂಡತಿಯನ್ನು ಕಂಡ. ಆಕೆಯ ಮನೆಗೆ ಹೋಗಿ ಕೂತು ಮಾತಾಡಿಸಿದ. ಬೇಡವೆಂದು ಹೇಳಿ ನೋಡಿದ. ಆಕೆ ನಗುಮುಖದಿಂದಲೇ ತನ್ನ ನಿಶ್ಚಯ ತಿಳಿಸಿದಳು. ಅವನು ಆಕೆಯ ಹೆಸರನ್ನು ಬರೆದುಕೊಂಡ. ಆಕೆಯ ಮೇಲೆ ಪದ್ಯಗಳನ್ನೂ ರಚಿಸಿದ. ಸತ್ತ ಹೆಂಡತಿಯನ್ನು ಬಿಡಲಾರದ ಗಂಡ, ಸತ್ತ ಗಂಡನ ಹಿಂದೆ ಹೋಗುವ ಹೆಂಡತಿ, ಇಬ್ಬರೂ ಎದುರುಬದುರು ಕೂತ ಆ ಗಳಿಗೆಯನ್ನು ಯಾವ ಕಾದಂಬರಿಕಾರನೂ ಹೂಡಲಿಲ್ಲ. ಅದು ನಮ್ಮ ಮಲೆನಾಡಿನಲ್ಲಿ ನಡೆದದ್ದು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಅವನು ಮುಂದೆ ಬದುಕಿದ. ಮಾಆನಿ ಸಾಕಿದ್ದ ಜಾರ್ಜಿಯಾ ದೇಶದ ಅನಾಥ ಹುಡುಗಿಯನ್ನೇ ಮದುವೆಯಾಗಿ ಬಹು ಮಕ್ಕಳ ತಂದೆಯಾದ. ಗಂಡಸಿನ ದುಃಖಕ್ಕೆ ಲೋಕ ಮುಂದಿನ ದಾರಿಯನ್ನು ಬಿಟ್ಟಿತ್ತು. ಇಕ್ಕೇರಿಯ ಆ ಹೆಂಗಸಿನ ಎದುರು ಚಿತೆಯನ್ನಿಟ್ಟು ಅದಕ್ಕೆ ಕೀರ್ತಿ ಎಂದು ಹೆಸರು ಕೊಟ್ಟಿತ್ತು.

ಇಕ್ಕೇರಿಗೆ ಹೋಗುವ ದಾರಿಯಲ್ಲಿ ಅವನು ಇನ್ನೊಂದು ನೋಟ ಕಂಡ. ಹೊರೆಯಾಳುಗಳು ಸಿದ್ಧರಾಗುವತನಕ ಗುಡಿಯ ಜಗಲಿಯಲ್ಲಿ ಕೂತಿದ್ದಾಗ ನಾಲ್ವರು ಹುಡುಗರು ನೆಲಕ್ಕೆ ನುಣುಪು ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಲೆಕ್ಕ ಬರೆಯುತ್ತಿದ್ದರು. ಗುರುಗಳಿಲ್ಲವಲ್ಲ, ಮರೆತರೆ ಯಾರು ಹೇಳಿಕೊಡುತ್ತಾರೆಂದು ಕೇಳಿದ. ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವೆಂಬ ಅರ್ಥದ ಉತ್ತರ ಬಂತು. ಆ ಹುಡುಗರ ಸುದ್ದಿ ನಾಲ್ಕುನೂರು ವರ್ಷ ಉಳಿದದ್ದು ಒಬ್ಬ ಪರದೇಶಿ ಬೇಸರಪಡದೆ ಕಾದು ಕೂತಿದ್ದರಿಂದ. ಗುಂಪಿನಲ್ಲಿ ಹೋದವನಿಗೆ ಇಂಥ ಬಿಡುವು ಸಿಗುವುದಿಲ್ಲ. ಸಿಕ್ಕರೂ ತನ್ನವರೊಡನೆ ಹರಟುವುದರಲ್ಲಿ ಕಳೆದುಹೋಗುತ್ತದೆ. ಒಬ್ಬಂಟಿ ತಿರುಗಾಟದ ಲಾಭ ನನ್ನ ಮಟ್ಟಿಗೆ ಇಷ್ಟೇ: ಮಾತನಾಡಲು ಯಾರೂ ಇಲ್ಲದಾಗ ಕಣ್ಣು ಕಿವಿಗಳು ಕೆಲಸಕ್ಕೆ ತೊಡಗುತ್ತವೆ.

ಇದಕ್ಕೆ ಇಟಲಿಯೇ ಬೇಕೆಂದಿಲ್ಲ. ಸಾಗರದ ಹತ್ತಿರ ಇಕ್ಕೇರಿಯಿದೆ. ಅವನು ಕಂಡ ಅರಮನೆ ಈಗಿಲ್ಲ. ಅಘೋರೇಶ್ವರನ ಗುಡಿ ಇದೆ. ಧಾರವಾಡದಿಂದ ಒಂದು ಹಗಲಿನ ಪಯಣ. ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಒಬ್ಬರೇ ಹೋಗಿ, ಆ ಜಗಲಿಯ ಮೇಲೆ ಒಂದು ಹೊತ್ತು ಸುಮ್ಮನೆ ಕೂತು ಬನ್ನಿರಿ.