ವ್ಯಾನು ಸ್ಟಾರ್ಟ್ ಆಗದಿದ್ದರೆ ತೂಬಿನಿಂದ ಹುಡುಕಿ
(ಸೊರಬ ತಾಲ್ಲೂಕಿನ ಗ್ರಾಮವೊಂದರ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ನಿಮ್ಮೆದುರು ನಿಂತಾಗಲೆಲ್ಲ ಬಿತ್ತನೆ ಬೀಜ, ಗೊಬ್ಬರ, ಶುಂಠಿಯ ಕೊಳೆರೋಗ ಇವುಗಳ ಮಾತನ್ನೇ ಆಡುತ್ತ ಬಂದಿದ್ದೇನೆ. ಇಂದು ಸ್ವಲ್ಪ ಬೇರೆ ಮಾತು. ಶಿಕಾರಿಪುರ ಮತ್ತು ಸೊರಬದ ನಮ್ಮ ಹಳ್ಳಿಗಳಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸವನ್ನು ಈಗ ಹಳೆಯ ವ್ಯಾನುಗಳು ಮಾಡುತ್ತಿವೆ. ಶಿರಾಳಕೊಪ್ಪದ ಸಂತೆಗೆ ತರಕಾರಿ ಒಯ್ಯಲು ವ್ಯಾನು, ಆನವಟ್ಟಿಯಿಂದ ಗೊಬ್ಬರ ತರಲು ವ್ಯಾನು, ಚಂದ್ರಗುತ್ತಿಯ ಜಾತ್ರೆಗೆ ಮನೆಮಂದಿಯೆಲ್ಲ ಹೋಗಲು ವ್ಯಾನು. ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯಲೂ ಅದೇ ವ್ಯಾನು.

ಇವುಗಳಲ್ಲಿ ಬಹಳಷ್ಟು ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನೆಂದು ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದಕಾರಣ ನಮ್ಮಲ್ಲಿರುವ ಓಮ್ನಿಗಳಿಗೆಲ್ಲ ಈಗ ವಯಸ್ಸಾಗಿದೆ. ಮನುಷ್ಯನಿಗೆ ವಯಸ್ಸಾದರೆ ಮೊದಲು ನೋಯುವುದು ಕೀಲು. ವ್ಯಾನಿಗೂ ಹಾಗೆಯೇ. ವೈರು ವೈರು ಕೂಡುವ ಕಡೆ, ವೈರು ಕಬ್ಬಿಣಕ್ಕೆ ಕೂಡುವ ಕಡೆ ಮೊದಲು ಕೆಡುತ್ತದೆ.

"ಕೃಷಿ ಡಿಪ್ಲೊಮಾ ಓದಿದವನಿಗೆ ಮೋಟಾರಿನ ವಿದ್ಯೆ ಎಲ್ಲಿಂದ ಬಂತು?" ಎಂದು ನೀವು ಕೇಳಬಹುದು. ನಾನು ಮೆಕ್ಯಾನಿಕ್ ಅಲ್ಲ. ನನ್ನದೇ ಒಂದು ತಪ್ಪಿನಿಂದ ಇದನ್ನು ಕಲಿತೆ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಪುನರ್ವಸು ಮಳೆಯ ರಾತ್ರಿ

ಕಳೆದ ವರ್ಷ ಪುನರ್ವಸು ಮಳೆ ಹಿಡಿದಿದ್ದ ಒಂದು ರಾತ್ರಿ ನಾನು ಒಂದು ಹಳ್ಳಿಯಲ್ಲಿ ಉಳಿದಿದ್ದೆ. ಪಕ್ಕದ ಮನೆಯ ಸೊಸೆಗೆ ಹೆರಿಗೆ ನೋವು ಶುರುವಾಯಿತು. 108ಕ್ಕೆ ಫೋನು ಮಾಡಿದ್ದಾಯಿತು. ಆ ಗಾಡಿ ಬೇರೊಂದು ಊರಿಗೆ ಹೋಗಿತ್ತು, ಬರಲು ಹೊತ್ತಾಗುತ್ತಿತ್ತು. ಮನೆಯ ಮುಂದೆಯೇ ವ್ಯಾನು ಇತ್ತು. ಯಜಮಾನರು ಕೀಲಿ ತಿರುಗಿಸಿದರು. "ಟಿಕ್" ಎಂದಿತು, ಅಷ್ಟೇ. ಸೆಲ್ಫ್ ತೆಗೆದುಕೊಳ್ಳಲಿಲ್ಲ.

ಓದಿದವನೆಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಯೋಚಿಸದೆ, "ಬ್ಯಾಟರಿ ಹೋಗಿದೆ, ತಳ್ಳಿ" ಎಂದುಬಿಟ್ಟೆ. ಹಿಂದಿನ ವಾರವಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದೇವೆಂದು ಯಜಮಾನರು ಹೇಳಿದರೂ ನನ್ನ ಕಿವಿಗೆ ಬೀಳಲಿಲ್ಲ. ಆ ಕೆಸರಿನಲ್ಲಿ ಆರು ಜನ ತಳ್ಳಿದರೂ ವ್ಯಾನಿಗೆ ಓಟ ಬರಲಿಲ್ಲ. ಮುಕ್ಕಾಲು ಗಂಟೆ ಹೀಗೆ ಹಾಳಾಯಿತು. ಒಳಗಿನಿಂದ ಆ ಹುಡುಗಿಯ ನರಳಾಟ ಕೇಳುತ್ತಿತ್ತು.

ಆಗ ಪಂಪ್‌ಸೆಟ್ ರಿಪೇರಿ ಮಾಡುವ ಹಿರಿಯರೊಬ್ಬರು ಕಂಬಳಿ ಹೊದ್ದು ಬಂದರು. ಬಂದವರು ಒಂದೇ ಮಾತು ಕೇಳಿದರು: "ತಮ್ಮಾ, ಸೆಲ್ಫ್ ಹೊಡೆದಾಗ ಹೆಡ್‌ಲೈಟ್ ಮಂಕಾಯ್ತಾ?" ನಾನು ನೋಡಿರಲಿಲ್ಲ. ಅವರು ದೀಪ ಹಾಕಿಸಿ ಕೀಲಿ ತಿರುಗಿಸಿದರು. ದೀಪ ಮಂಕಾಗಲೇ ಇಲ್ಲ. "ಬ್ಯಾಟರಿ ಸತ್ತಿದ್ರೆ ದೀಪ ಹಿಂಗೆ ಉರೀತಿತ್ತಾ? ಅರ್ತ್ ನೋಡಿದ್ಯಾ?" ಎಂದರು. ಒಂದು ದಪ್ಪ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿಸಿದರು. ಮೊದಲನೆಯ ಸಲಕ್ಕೇ ಸೆಲ್ಫ್ ತೆಗೆದುಕೊಂಡಿತು.

ತಾಯಿ ಮಗು ಇಬ್ಬರೂ ಈಗ ಚೆನ್ನಾಗಿದ್ದಾರೆ. ಆದರೆ ಆ ಮುಕ್ಕಾಲು ಗಂಟೆ ನನ್ನ ಮನಸ್ಸಿನಿಂದ ಹೋಗಿಲ್ಲ. ಎಂಜಿನ್ನಿಗೂ ಗಾಡಿಯ ಮೈಗೂ ನಡುವಿನ ಅರ್ತ್ ಪಟ್ಟಿ ಕಿಲುಬು ಹಿಡಿದು ಎಳೆ ಎಳೆಯಾಗಿ ಹರಿದಿತ್ತು. ಸಾವಿರಾರು ರೂಪಾಯಿ ಕೊಟ್ಟು ಬ್ಯಾಟರಿ ಬದಲಿಸಿದ್ದರು. ಕೆಟ್ಟಿದ್ದು ಒಂದು ಮೊಳದ ಪಟ್ಟಿ.

ಕಾಲುವೆಯ ಲೆಕ್ಕ

ಅಂಜನಾಪುರ ಜಲಾಶಯದ ಕಾಲುವೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲವೆನ್ನಿ. ನೀವು ಏನು ಮಾಡುತ್ತೀರಿ? ಜಲಾಶಯವೇ ಬತ್ತಿತೆಂದು ಕೂರುವುದಿಲ್ಲ. ತೂಬಿನಿಂದ ಹಿಡಿದು ಕಾಲುವೆಯ ಉದ್ದಕ್ಕೂ ನಡೆದು, ಎಲ್ಲಿಯವರೆಗೆ ನೀರು ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತೀರಿ. ವ್ಯಾನಿನ ವಿದ್ಯುತ್ತನ್ನೂ ಹಾಗೆಯೇ ಹುಡುಕತಕ್ಕದ್ದು. ಬ್ಯಾಟರಿಯೇ ಜಲಾಶಯ, ದಪ್ಪ ಕೇಬಲ್ಲೇ ಕಾಲುವೆ, ಕೀಲಿ ಮತ್ತು ಸ್ಟಾರ್ಟರಿನ ಸ್ವಿಚ್ಚೇ ತೂಬು, ಸ್ಟಾರ್ಟರ್ ಮೋಟಾರೇ ಗದ್ದೆ.

ಒಂದೇ ಒಂದು ಭೇದವಿದೆ. ಗದ್ದೆಗೆ ಹರಿದ ನೀರು ಜಲಾಶಯಕ್ಕೆ ಹಿಂದಿರುಗಬೇಕಾಗಿಲ್ಲ. ವಿದ್ಯುತ್ತು ಮಾತ್ರ ಹೊರಟ ಬ್ಯಾಟರಿಗೇ ಹಿಂದಿರುಗಬೇಕು. ಅದು ಹಿಂದಿರುಗುವ ದಾರಿ ಎಂಜಿನ್ನಿನ ಕಬ್ಬಿಣ, ಗಾಡಿಯ ಮೈ, ಇವನ್ನು ಕೂಡಿಸುವ ಅರ್ತ್ ಪಟ್ಟಿ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಬರುವ ದಾರಿಯನ್ನು ಯಾರೂ ನೋಡುವುದಿಲ್ಲ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ, ನೆಲಕ್ಕೆ ಹತ್ತಿರದಲ್ಲಿದೆ. ನಮ್ಮ ಮಳೆಗಾಲದ ಕೆಸರೆಲ್ಲ ಆ ಕೀಲುಗಳಿಗೇ ಸಿಡಿಯುತ್ತದೆ.

"ದೀಪ ಉರಿಯುತ್ತದೆ, ಹಾರ್ನ್ ಆಗುತ್ತದೆ, ಸೆಲ್ಫ್ ಮಾತ್ರ ಯಾಕಿಲ್ಲ?" ಎಂದು ಬಹಳ ಜನ ಕೇಳುತ್ತಾರೆ. ಒಂದು ಹೆಡ್‌ಲೈಟಿಗೆ ಸುಮಾರು 5 ಆಂಪಿಯರ್ ಸಾಕು. ಸ್ಟಾರ್ಟರಿಗೆ ಸುಮಾರು 100 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಬೇಕು. ಹೂಳು ತುಂಬಿದ ಕಾಲುವೆಯಲ್ಲಿ ಕೊಡ ತುಂಬುವಷ್ಟು ನೀರು ಬಂದೀತು, ಗದ್ದೆ ತುಂಬುವಷ್ಟು ಬಾರದು. ಕಿಲುಬು ಹಿಡಿದ ಕೀಲಿನ ಗುಣವೂ ಅದೇ.

ನಾಲ್ಕು ಲಕ್ಷಣ

ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ, ಒಬ್ಬರು ಕೀಲಿ ತಿರುಗಿಸಲಿ. ಇನ್ನೊಬ್ಬರು ದೀಪ ನೋಡಿ ಶಬ್ದ ಕೇಳಲಿ.

ಒಂದು: ದೀಪ ಪೂರ್ತಿ ಮಂಕಾಗುತ್ತದೆ, ಇಲ್ಲವೆ "ಟಿಕ್ ಟಿಕ್ ಟಿಕ್" ಎಂದು ಬೇಗ ಬೇಗ ಬಡಿದುಕೊಳ್ಳುತ್ತದೆ. ಬ್ಯಾಟರಿ ಇಳಿದಿದೆ, ಅಥವಾ ಬ್ಯಾಟರಿಯ ಕಂಬಗಳಿಗೆ ಹಾಕಿದ ಹಿಡಿಕೆ ಸಡಿಲವಾಗಿದೆ, ಇಲ್ಲವೆ ಕಿಲುಬು ಹಿಡಿದಿದೆ. ಬ್ಯಾಟರಿ ಕೊಳ್ಳುವ ಮೊದಲು ಹಿಡಿಕೆ ಬಿಚ್ಚಿ ತಿಕ್ಕಿ ನೋಡಿ.

ಎರಡು: ದೀಪ ಪ್ರಕಾಶವಾಗಿಯೇ ಇದೆ, ಒಂದು ಸಲ "ಟಿಕ್" ಎನ್ನುತ್ತದೆ. ಬ್ಯಾಟರಿ ಸರಿಯಿದೆ. ಎಂಜಿನ್ನಿನ ಅರ್ತ್ ಕೆಟ್ಟಿರಬಹುದು, ಅಥವಾ ಸ್ಟಾರ್ಟರಿನ ಒಳಭಾಗ ಸವೆದಿರಬಹುದು. ಆ ರಾತ್ರಿಯ ಲಕ್ಷಣ ಇದೇ. ಹಿರಿಯರು ಮಾಡಿದಂತೆ ಕೇಬಲ್ ಹಿಡಿಸಿ ನೋಡಿ. ಆಗ ತಿರುಗಿದರೆ ತಪ್ಪು ಅರ್ತಿನದು, ತಿರುಗದಿದ್ದರೆ ಸ್ಟಾರ್ಟರನ್ನು ಬಿಚ್ಚಿಸಬೇಕು.

ಮೂರು: ದೀಪ ಮಂಕಾಗುವುದಿಲ್ಲ, ಶಬ್ದವೂ ಇಲ್ಲ. ಅಪ್ಪಣೆಯೇ ಸ್ಟಾರ್ಟರಿಗೆ ಮುಟ್ಟಿಲ್ಲ. ಕೀಲಿಯ ಸ್ವಿಚ್ಚು, ಫ್ಯೂಸ್, ಅಥವಾ ಸ್ಟಾರ್ಟರಿಗೆ ಹೋಗುವ ಸಣ್ಣ ವೈರು ಕಳಚಿದೆ. ಭತ್ತ, ಮೆಕ್ಕೆಜೋಳ ಇಟ್ಟ ಮನೆಯ ಬಳಿ ನಿಲ್ಲಿಸಿದ ಗಾಡಿಯಾದರೆ ಇಲಿ ಕಡಿದಿದೆಯೇ ಎಂದು ಮೊದಲು ನೋಡಿ.

ನಾಲ್ಕು: ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇದು ಬ್ಯಾಟರಿಯ ದೋಷವಲ್ಲ. ಕಿಡಿ ಇಲ್ಲ, ಇಲ್ಲವೆ ಪೆಟ್ರೋಲ್ ಇಲ್ಲ. ಕಾರ್ಬುರೇಟರಿನ ಹಳೆಯ ವ್ಯಾನಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿ. ಮಳೆಗಾಲದ ಬೆಳಗ್ಗೆ ಎಷ್ಟೋ ಗಾಡಿಗಳಿಗೆ ಇಷ್ಟೇ ಔಷಧ. ಇಂಜೆಕ್ಷನ್ ವ್ಯಾನಾದರೆ, ಕೀಲಿ ಹಾಕಿದೊಡನೆ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಶಬ್ದ ಒಂದೆರಡು ಸೆಕೆಂಡು ಕೇಳಬೇಕು. ಕೇಳದಿದ್ದರೆ ಅದರ ಫ್ಯೂಸ್ ನೋಡಿ.

ಕೈಯಲ್ಲಿರಬೇಕಾದ ಸಾಮಾನು

ಹಳೆಯ ಇಂಡಿಕೇಟರಿನ 12 ವೋಲ್ಟ್ ಬಲ್ಬಿಗೆ ಎರಡು ಉದ್ದನೆಯ ವೈರು ಕಟ್ಟಿ ಇಟ್ಟುಕೊಳ್ಳಿ. ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿಯಿಂದ ಬ್ಯಾಟರಿಯ ಪ್ಲಸ್ಸಿನಿಂದ ಆರಂಭಿಸಿ ಫ್ಯೂಸಿನ ಈ ಕಡೆ, ಆ ಕಡೆ, ಸ್ಟಾರ್ಟರಿನ ದಪ್ಪ ಕೇಬಲ್ ಹೀಗೆ ಮುಟ್ಟುತ್ತ ಹೋಗಿ. ಬಲ್ಬು ಎಲ್ಲಿಯವರೆಗೆ ಉರಿಯಿತೋ ಅಲ್ಲಿಯವರೆಗೆ ಕಾಲುವೆ ಸರಿಯಿದೆ. ಇಂಜೆಕ್ಷನ್ ವ್ಯಾನಿನ ಕಂಪ್ಯೂಟರ್ ಪೆಟ್ಟಿಗೆಯ ವೈರುಗಳನ್ನು ಮಾತ್ರ ಈ ಬಲ್ಬಿನಿಂದ ಮುಟ್ಟಕೂಡದು.

ಕೆಲವು ನೂರು ರೂಪಾಯಿಗೆ ಸಿಗುವ ಮೀಟರನ್ನು ನಾಲ್ಕು ಮನೆ ಸೇರಿ ಕೊಂಡರೆ ಇನ್ನೂ ಒಳ್ಳೆಯದು. ರಾತ್ರಿಯೆಲ್ಲ ನಿಂತ ವ್ಯಾನಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಸುಮಾರು ಅರ್ಧ, 11.9ಕ್ಕೆ ಇಳಿದರೆ ಖಾಲಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ನಿನ ಕಬ್ಬಿಣಕ್ಕೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ ಎಂದು ತಿಳಿಯಿರಿ.

ಕಿಲುಬು ತೆಗೆಯುವುದು ಸುಲಭ. ಕೀಲಿ ಆರಿಸಿ, ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಅಡಿಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ಉಪ್ಪುಕಾಗದದಿಂದ ಹೊಳೆಯುವಂತೆ ತಿಕ್ಕಿ. ಸೋಡಾ ನೀರು ಬ್ಯಾಟರಿಯ ಒಳಗೆ ಬೀಳಬಾರದು. ಮರಳಿ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿ.

ಮಾಡಬಾರದ ಕೆಲಸ

ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಅದರ ಬಳಿ ಬೀಡಿ ಸೇದಬಾರದು, ಬೆಂಕಿಕಡ್ಡಿ ಗೀರಿ ನೋಡಬಾರದು. ಕೈಯ ಕಡಗ, ಉಂಗುರ ತೆಗೆದಿಡಿ. ಆಮ್ಲ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯುತ್ತ ಆಸ್ಪತ್ರೆಗೆ ಹೋಗಿ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಬಾರದು. ಫ್ಯೂಸ್ ಸಾಯುವುದೇ ಗಾಡಿ ಉಳಿಯಲೆಂದು. ತಂತಿ ಸುತ್ತಿದರೆ ಮುಂದಿನ ಸಲ ವೈರು ಸುಡುತ್ತದೆ, ಪೆಟ್ರೋಲ್ ಗಾಡಿ ಸುಡುತ್ತದೆ.

ಸಭಿಕರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ಟ್ರ್ಯಾಕ್ಟರಿನ ಬ್ಯಾಟರಿಯಿಂದ ವ್ಯಾನಿಗೆ ಕರೆಂಟು ಕೊಡಬಹುದೇ?
ಉತ್ತರ: ಟ್ರ್ಯಾಕ್ಟರಿನದೂ 12 ವೋಲ್ಟ್ ಆದರೆ ಕೊಡಬಹುದು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ, ಅದರಿಂದ ಕೊಡಲೇಬಾರದು. ಕ್ರಮ ಹೀಗೆ: ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ವ್ಯಾನಿನ ಬ್ಯಾಟರಿಯಿಂದ ದೂರಕ್ಕೆ ಎಂಜಿನ್ನಿನ ಕಬ್ಬಿಣಕ್ಕೆ. ಬಿಚ್ಚುವುದು ಇದೇ ಕ್ರಮವನ್ನು ಹಿಂದುಮುಂದು ಮಾಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ತಳ್ಳಿ ಸ್ಟಾರ್ಟ್ ಮಾಡಿದರಾಗದೇ?
ಉತ್ತರ: ಬ್ಯಾಟರಿ ಸ್ವಲ್ಪ ಇಳಿದಿದ್ದರೆ, ಒಣ ರಸ್ತೆಯಲ್ಲಿ, ಆಗಬಹುದು. ಪೂರ್ತಿ ಸತ್ತಿದ್ದರೆ ಕಿಡಿಗೂ ಕರೆಂಟು ಇರುವುದಿಲ್ಲ, ಎಷ್ಟು ತಳ್ಳಿದರೂ ವ್ಯರ್ಥ. ಇಳಿಜಾರಿನಲ್ಲಿ ಗಾಡಿಯ ಮುಂದೆ ಯಾರೂ ನಿಲ್ಲಬಾರದು.

ಪ್ರಶ್ನೆ: ಹೊಸ ಬ್ಯಾಟರಿಯೂ ವಾರಕ್ಕೊಮ್ಮೆ ಇಳಿಯುತ್ತದಲ್ಲ?
ಉತ್ತರ: ಜಲಾಶಯ ತುಂಬುತ್ತಿಲ್ಲ, ಇಲ್ಲವೆ ಸೋರುತ್ತಿದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಡೈನಮೊ ಮತ್ತು ಅದರ ಬೆಲ್ಟ್ ನೋಡಿಸಿ. ಅದು ಸರಿಯಿದ್ದರೆ ಕೀಲಿ ತೆಗೆದು, ಬಾಗಿಲು ಹಾಕಿ, ಮೈನಸ್ ಹಿಡಿಕೆ ಬಿಚ್ಚಿ, ಕಂಬಕ್ಕೂ ಹಿಡಿಕೆಗೂ ನಡುವೆ ಪರೀಕ್ಷೆಯ ಬಲ್ಬು ಹಿಡಿಯಿರಿ. ಬಲ್ಬು ಉರಿದರೆ ಎಲ್ಲೋ ಸೋರಿಕೆ ಇದೆ. ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಬಲ್ಬು ಆರುತ್ತದೋ ಆ ದಾರಿಯಲ್ಲಿ ಸೋರಿಕೆ. ನಾವು ಆಮೇಲೆ ಹಾಕಿಸಿದ ಹಾಡಿನ ಪೆಟ್ಟಿಗೆಯನ್ನೇ ಮೊದಲು ಸಂಶಯಪಡಿ.

ಕೊನೆಯ ಮಾತು

ಬಾಂಧವರೇ, ಮೆಕ್ಯಾನಿಕ್ಕನ್ನು ಕರೆಯಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಲಕ್ಷಣ ತಿಳಿದು ಕರೆದರೆ ಅವರಿಗೂ ಕೆಲಸ ಸುಲಭ, ನಿಮಗೂ ಬೇಡದ ಬ್ಯಾಟರಿಯ ಖರ್ಚು ಉಳಿಯುತ್ತದೆ. ಹೆರಿಗೆ, ಹಾವು ಕಡಿತದಂಥ ಸಮಯದಲ್ಲಿ ಮೊದಲು 108ಕ್ಕೆ ಫೋನು ಮಾಡಿ, ಆಮೇಲೆ ವ್ಯಾನಿನ ಬಳಿ ಹೋಗಿ.

ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು, ನೇಗಿಲು ನೊಗ ಸರಿಮಾಡುವ ಹಾಗೆಯೇ, ಅರ್ಧ ದಿನ ವ್ಯಾನಿಗೂ ಕೊಡಿ. ಬ್ಯಾಟರಿಯ ಎರಡು ಕಂಬ, ಗಾಡಿಯ ಮೈಯ ಅರ್ತ್, ಎಂಜಿನ್ನಿನ ಅರ್ತ್, ಈ ನಾಲ್ಕು ಜಾಗ ಬಿಚ್ಚಿ, ತಿಕ್ಕಿ, ಬಿಗಿ ಮಾಡಿ. ಮನೆಯ ಹೆಣ್ಣುಮಕ್ಕಳಿಗೂ ಈ ನಾಲ್ಕು ಲಕ್ಷಣ ಕಲಿಸಿ. ಗಂಡಸರು ಊರಲ್ಲಿಲ್ಲದ ರಾತ್ರಿಯೂ ಬರುತ್ತದೆ.

ನಾನು ಆ ರಾತ್ರಿ ದೀಪವನ್ನು ನೋಡಲಿಲ್ಲ. ನೀವು ನೋಡಿ.