ಒಡವೆಯ ಲೋಹ: ಆಯ್ಕೆ ಮತ್ತು ಆರೈಕೆ

(ದೇವಣಗಾಂವದ ತಾಯಂದಿರಿಗಾಗಿ ಉಪನ್ಯಾಸ)



ಭೀಮಾ ನದಿಯ ದಂಡೆಯ ಈ ಭಾಗದಲ್ಲಿ ಮಳೆಯನ್ನು ನಂಬಿ ಜೋಳ ಬೆಳೆಯುವ ಮನೆಯೂ ಉಂಟು, ನೀರಾವರಿಯಿಂದ ಕಬ್ಬು ಬೆಳೆಯುವ ಮನೆಯೂ ಉಂಟು. ಬೆಳೆ ಯಾವುದೇ ಇರಲಿ, ಸುಗ್ಗಿಯ ಹಣದ ಒಂದು ಪಾಲು ಒಡವೆಯಾಗಿ ಮನೆ ಸೇರುವುದು ನಮ್ಮ ರೂಢಿ. ಬೋರಮಾಳ, ಗುಂಡಿನ ಸರ, ಬೆಂಡೋಲೆ, ಕಾಲುಂಗುರ ಇವು ಹೆಣ್ಣುಮಕ್ಕಳ ಅಲಂಕಾರವೂ ಹೌದು, ಬರಗಾಲದ ಆಸರೆಯೂ ಹೌದು. ಆದರೆ ಒಡವೆಯು ಹಗಲಿರುಳು ಮೈಗೆ ತಗುಲಿಕೊಂಡಿರುವ ವಸ್ತು. ಆದುದರಿಂದ ಅದು ಯಾವ ಲೋಹದ್ದು ಎಂಬ ಪ್ರಶ್ನೆಯು ಹಣದ ಪ್ರಶ್ನೆಯಾಗಿರುವಂತೆ ಆರೋಗ್ಯದ ಪ್ರಶ್ನೆಯೂ ಆಗಿದೆ.

ಮೊದಲು ಚಿನ್ನದ ವಿಚಾರ. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಶುದ್ಧಗೊಳಿಸಿದ 24 ಕ್ಯಾರಟ್ ಚಿನ್ನವು ಬಹಳ ಮೃದು. ಅದರಿಂದ ಮಾಡಿದ ಒಡವೆ ಬಳಕೆಯಲ್ಲಿ ಬಾಗುತ್ತದೆ, ಸವೆಯುತ್ತದೆ. ಅದಕ್ಕಾಗಿ ತಾಮ್ರ ಮತ್ತು ಬೆಳ್ಳಿಯನ್ನು ಬೆರೆಸುವರು. 24 ಭಾಗಗಳಲ್ಲಿ 22 ಭಾಗ ಚಿನ್ನವಿದ್ದರೆ ಅದು 22 ಕ್ಯಾರಟ್. ಅದರ ಗುರುತು 916. ಅಂದರೆ 10 ಗ್ರಾಂ ಒಡವೆಯಲ್ಲಿ 9.16 ಗ್ರಾಂ ಚಿನ್ನವಿರುತ್ತದೆ. 18 ಕ್ಯಾರಟ್ಟಿನ ಗುರುತು 750.

ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಮುದ್ರೆಯನ್ನು 16 ಜೂನ್ 2021ರಿಂದ ಹಂತ ಹಂತವಾಗಿ ಕಡ್ಡಾಯಗೊಳಿಸಲಾಗಿದೆ. ಒಡವೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಚಿಹ್ನೆ, ಶುದ್ಧತೆಯ ಅಂಕೆ ಹಾಗೂ ಅಕ್ಷರ ಮತ್ತು ಅಂಕೆಗಳು ಕೂಡಿದ ಆರು ಸ್ಥಾನಗಳ ಸಂಖ್ಯೆ, ಈ ಮೂರನ್ನೂ ನೋಡಿರಿ. ಆ ಸಂಖ್ಯೆಯನ್ನು ಮೊಬೈಲಿನ 'ಬಿ.ಐ.ಎಸ್. ಕೇರ್' ಆಪ್‌ನಲ್ಲಿ ಪರೀಕ್ಷಿಸಬಹುದು. 'ಕೆ.ಡಿ.ಎಂ.' ಎಂಬ ಮಾತು ಹಾಲ್‌ಮಾರ್ಕ್ ಅಲ್ಲ. ಅದು ಕ್ಯಾಡ್ಮಿಯಮ್ ಬೆರೆಸಿದ ಬೆಸುಗೆಯ ಹೆಸರು. ಆ ಬೆಸುಗೆಯ ಹೊಗೆಯು ಪತ್ತಾರರ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಕೇಡು. ತೂಕದಲ್ಲಿಯೂ ಎಚ್ಚರವಿರಲಿ. ಹಳೆಯ ತೊಲೆ 11.66 ಗ್ರಾಂ, ಇಂದು ಪೇಟೆಯಲ್ಲಿ 10 ಗ್ರಾಂಗೆ ತೊಲೆ ಎನ್ನುವುದು ವಾಡಿಕೆ. ಆದ್ದರಿಂದ ಗ್ರಾಂನಲ್ಲಿಯೇ ತೂಗಿಸಿ, ಮಜೂರಿಯನ್ನು ಬೇರೆಯಾಗಿ ಬರೆಯಿಸಿ, ರಸೀದಿಯನ್ನು ಪಡೆಯಿರಿ.

ಬೆಳ್ಳಿಯಲ್ಲಿ 925 ಎಂಬ ಗುರುತು ಸಾವಿರಕ್ಕೆ 925 ಭಾಗ ಬೆಳ್ಳಿಯೆಂದು ತಿಳಿಸುತ್ತದೆ. ಬೆಳ್ಳಿ ಕಪ್ಪಾದರೆ ಗಾಬರಿಯಾಗಬೇಕಿಲ್ಲ. ಗಾಳಿಯಲ್ಲಿಯೂ ಬೆವರಿನಲ್ಲಿಯೂ ಇರುವ ಗಂಧಕದ ಅಂಶವು ಬೆಳ್ಳಿಯೊಡನೆ ಕೂಡುವುದರಿಂದ ಹೀಗಾಗುತ್ತದೆ. ಇದು ತೊಟ್ಟವರ ಮೈಯಲ್ಲಿ ರೋಗವಿರುವುದರ ಲಕ್ಷಣವಲ್ಲ. ಹಾಗೆಯೇ ತಾಮ್ರ ಹಿತ್ತಾಳೆಗಳಿಂದ ಚರ್ಮದ ಮೇಲೆ ಮೂಡುವ ಹಸಿರು ಕಲೆಯು ಸೋಪು ನೀರಿನಿಂದ ಹೋಗುತ್ತದೆ.

ನಿಜವಾದ ತೊಂದರೆ ಇರುವುದು ನಿಕ್ಕಲ್ ಲೋಹದಲ್ಲಿ. ಜಾತ್ರೆ ಸಂತೆಗಳಲ್ಲಿ ದೊರೆಯುವ ಅಗ್ಗದ ಗಿಲೀಟಿನ ಒಡವೆಗಳಲ್ಲಿ ಮೇಲಿನ ಲೇಪ ಸವೆದೊಡನೆ ಒಳಗಿನ ಲೋಹ ಬೆವರಿನೊಡನೆ ಚರ್ಮಕ್ಕೆ ತಾಗುತ್ತದೆ. ಅದರಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ಕಿವಿಯ ಹಾಲೆ, ಕತ್ತು, ಮಣಿಕಟ್ಟುಗಳಲ್ಲಿ ತುರಿಕೆ ಹುಟ್ಟಿ, ಚರ್ಮ ಕೆಂಪೇರಿ, ನೀರು ಸುರಿಯುತ್ತದೆ. ಒಮ್ಮೆ ಒಗ್ಗದಿರುವಿಕೆ ಆರಂಭವಾದರೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಯುರೋಪಿನ ಒಕ್ಕೂಟವು ಒಡವೆಗಳಿಂದ ಹೊರಸೂಸುವ ನಿಕ್ಕಲ್‌ಗೆ 1994ರಲ್ಲಿಯೇ ಮಿತಿ ಹಾಕಿತು. ತುರಿಕೆ ಕಂಡೊಡನೆ ಒಡವೆಯನ್ನು ತೆಗೆದಿಟ್ಟು ವೈದ್ಯರಿಗೆ ತೋರಿಸಿರಿ. ದೃಷ್ಟಿ ತಗುಲಿತೆಂದು ಸುಮ್ಮನಿರಬೇಡಿರಿ. ಅಯಸ್ಕಾಂತದ ಪರೀಕ್ಷೆಯನ್ನು ನಂಬಬೇಡಿರಿ. ತಾಮ್ರವನ್ನೂ ಸೀಸವನ್ನೂ ಅಯಸ್ಕಾಂತ ಎಳೆಯುವುದಿಲ್ಲ.

ಸೀಸದ ಮಾತು ಬಂದುದರಿಂದ ಮಕ್ಕಳ ವಿಷಯವನ್ನು ಹೇಳಲೇಬೇಕು. ಕೂಸು ಕೈಗೆ ಸಿಕ್ಕದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅಗ್ಗದ ಒಡವೆಯಲ್ಲಿ ಸೀಸವಿದ್ದರೆ ಅದು ಹೊಟ್ಟೆ ಸೇರಿ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಕಳಚಿ ಬೀಳುವ ಗೆಜ್ಜೆಗಳು ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಉಂಟು. ಕಿವಿ ಚುಚ್ಚಿಸುವ ಮೊದಲು 6, 10 ಮತ್ತು 14ನೆಯ ವಾರದ ಲಸಿಕೆಗಳು ಮುಗಿದಿರಲಿ. ಧನುರ್ವಾಯುವಿನಿಂದ ರಕ್ಷಣೆ ಅವುಗಳಲ್ಲಿದೆ. ಪತ್ತಾರರು ಚಿನ್ನದ ತಂತಿಯಿಂದ ಚುಚ್ಚುವ ಪದ್ಧತಿಯಲ್ಲಿ ಲೋಹ ಒಳ್ಳೆಯದೇ. ಆದರೆ ತಂತಿಯನ್ನು 20 ನಿಮಿಷ ಕುದಿಸಿರಬೇಕು, ಚುಚ್ಚುವವರು ಕೈ ತೊಳೆದಿರಬೇಕು. ಒಂದೇ ಸೂಜಿಯಿಂದ ಹಲವು ಮಕ್ಕಳಿಗೆ ಚುಚ್ಚಿದರೆ ರಕ್ತದ ಮೂಲಕ ಕಾಮಾಲೆಯಂತಹ ರೋಗಗಳು ಹರಡಬಹುದು. ಗಾಯ ಮಾಯುವವರೆಗೆ ಗಿಲೀಟಿನ ಓಲೆ ಬೇಡವೇ ಬೇಡ.

ಗರ್ಭಿಣಿಯರಿಗೆ ಒಂದು ಮಾತು. ಕೊನೆಯ ತಿಂಗಳುಗಳಲ್ಲಿ ಕೈಕಾಲು ಬಾತುಕೊಳ್ಳುವುದುಂಟು. ಉಂಗುರ, ಕಾಲುಂಗುರ, ಬಿಗಿಯಾದ ಬಳೆಗಳನ್ನು ಮುಂಚೆಯೇ ತೆಗೆದಿಡಿರಿ. ಉಂಗುರ ಸಿಕ್ಕಿಕೊಂಡರೆ ಕೈಯನ್ನು ಮೇಲೆತ್ತಿ ಹಿಡಿದು, ಆಮೇಲೆ ಸೋಪು ಹಚ್ಚಿ ತಿರುಗಿಸುತ್ತ ತೆಗೆಯಿರಿ. ಬೆರಳು ನೀಲಿಗಟ್ಟಿದರೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಸಲು ಅಂಜಬಾರದು. ಕತ್ತರಿಸಿದ ಚಿನ್ನವನ್ನು ಬೆಸೆಯಬಹುದು, ಹೋದ ಬೆರಳನ್ನು ಬೆಸೆಯಲಾಗದು. ಕಾಲುಂಗುರ ತೆಗೆಯುವುದು ಅಪಶಕುನವೆಂದು ಮನೆಯ ಹಿರಿಯರು ತಡೆದರೆ ಈ ಮಾತನ್ನು ಅವರಿಗೆ ವಿನಯದಿಂದ ತಿಳಿಸಿರಿ. ಮುಖ ಮತ್ತು ಕೈ ಬಾತು, ತಲೆನೋವು ಬಂದು, ಕಣ್ಣು ಮಂಜಾದರೆ ಆ ದಿನವೇ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಬಿಗಿಯಾದ ಉಂಗುರವು ಒಮ್ಮೊಮ್ಮೆ ತಾಯಿಯ ಜೀವಕ್ಕೆ ಮುನ್ನೆಚ್ಚರಿಕೆ ನೀಡುತ್ತದೆ.

ಇನ್ನು ಆರೈಕೆ. ಚಿನ್ನವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಂಟವಾಳದ ನೊರೆ ಅಥವಾ ಸೌಮ್ಯ ಸೋಪಿನಿಂದ, ಮೃದುವಾದ ಕುಂಚದಿಂದ ತೊಳೆಯಿರಿ. ಬೆಳ್ಳಿಯನ್ನು ನುಣುಪಾದ ವಿಭೂತಿಯಿಂದ ಮೆಲ್ಲಗೆ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿಡಿರಿ. ಹುಣಸೆಹಣ್ಣು ತಾಮ್ರ ಹಿತ್ತಾಳೆಗೆ ಸಾಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಒಡವೆಗಳನ್ನು ಕಳಚಿಡಿರಿ. ಅದು ಬೆಳ್ಳಿಯನ್ನು ಕೆಡಿಸುತ್ತದೆ. ಪಾದರಸ ತಾಗಿದರೆ ಚಿನ್ನ ಬಿಳಿಯಾಗುತ್ತದೆ. ಅಂತಹ ಒಡವೆಯನ್ನು ಒಲೆಯ ಮೇಲೆ ಕಾಯಿಸಲೇಬಾರದು, ಅದರ ಆವಿ ವಿಷ.

ಸಹೋದರಿಯರೆ, ಹತ್ತು ಗಿಲೀಟಿನ ಸರಗಳಿಗಿಂತ ಮುದ್ರೆಯುಳ್ಳ ಒಂದು ಚಿಕ್ಕ ಓಲೆ ಲೇಸು. ಅದು ಮಗಳ ಕಿವಿಯಲ್ಲಿ ಹುಣ್ಣಾಗದು, ಕಷ್ಟ ಬಂದಾಗ ಕೈಬಿಡದು. ಇಂದು ಮನೆಗೆ ಹೋದೊಡನೆ ಮಕ್ಕಳ ಕಿವಿಯ ಹಾಲೆಗಳನ್ನೂ ತುಂಬು ಗರ್ಭಿಣಿಯರ ಬೆರಳುಗಳನ್ನೂ ಒಮ್ಮೆ ನೋಡಿರಿ.